ಶಟರಿನ ಮೇಲಿನ ಕೆಂಪು ಅಕ್ಷರ

ಟೈಲರಮ್ಮನಿಗೆ ಹೆದರಿಕೆಯಾದರೆ ನಗು ಉಕ್ಕಿ ಬರುತ್ತಿತ್ತು. ಆ ಬೆಳಿಗ್ಗೆ ಅಂಗಡಿಯ ಶಟರಿನ ಮೇಲೆ ಕೆಂಪು ಬಣ್ಣದಲ್ಲಿ 'ಪರದೇಶಿಗಳೇ ತೊಲಗಿ' ಅಂತ ಮಾರುದ್ದ ಬರೆದಿದ್ದನ್ನು ಕಂಡು ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಪಕ್ಕದ ಅಂಗಡಿಯ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ.

"ಇದರಲ್ಲಿ ನಗೋದೇನಿದೆ ಅಕ್ಕಾ?"

"ಯಾರೋ ತರಲೆಗಳು ಬಿಡಪ್ಪಾ, ಒರೆಸಿದರಾಯ್ತು."

ಅವಳು ಎತ್ತಿಕೊಂಡ ನೀರಿನ ಬಕೆಟ್ಟನ್ನು ನಾದಿನಿ ಕಿತ್ತುಕೊಂಡಳು. ಗುಂಡಿ ಹೊಲಿಯುವುದರಲ್ಲಿ ಎಷ್ಟು ನಿಧಾನವೋ ಮಾತಿನಲ್ಲಿ ಅಷ್ಟೇ ಚುರುಕು ಹುಡುಗಿ.

"ಮುಟ್ಟಬೇಡಿ ಅತ್ತಿಗೆ! ಹೋದ ತಿಂಗಳು ಬಾಗಿಲಿಗೆ ಮೊಟ್ಟೆ ಹೊಡೆದರು, ತರಲೆ ಅಂದ್ರಿ. ನನ್ನ ಸೈಕಲ್ ಟೈರು ಕುಯ್ದರು, ತರಲೆ ಅಂದ್ರಿ. ನಮ್ಮ ಮಾತನ್ನ ಅಣಕಿಸಿ 'ನಿಮ್ಮೂರಿಗೆ ಹೋಗ್ರೇ' ಅಂತ ಕೂಗಿದರು, ಅದೂ ತರಲೆ. ಇಡೀ ಬೀದೀಲಿ ನಮ್ಮ ಅಂಗಡಿ ಒಂದನ್ನೇ ಹುಡುಕಿಕೊಂಡು ಬರೋ ತರಲೆ ಯಾವುದು ಹೇಳಿ?"

ಟೈಲರಮ್ಮನ ನಗು ಗಕ್ಕನೆ ನಿಂತಿತು. ಈ ಊರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಅದು ತರಲೆಯಲ್ಲ ಅಂತ ಅವಳಿಗೂ ಒಳಗೊಳಗೇ ಗೊತ್ತಿತ್ತು.

ನಾದಿನಿ ಶಟರಿನ ಫೋಟೋ ತೆಗೆದಳು. ಕ್ಷೌರಿಕ, "ನಮ್ಮ ಅಂಗಡಿ ಕ್ಯಾಮೆರಾದಲ್ಲಿ ಸಿಕ್ಕಿರಬೇಕು, ನಡೀರಿ ಸ್ಟೇಷನ್ನಿಗೆ" ಅಂದ. ಅವನ ಕುರ್ಚಿಯಲ್ಲಿದ್ದ ಗಿರಾಕಿ ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡೇ ಎದ್ದು ಬಂದ. "ನನ್ನ ಅರ್ಧ ಗಡ್ಡ ಬಿಟ್ಟು ಎಲ್ಲಿಗೆ ಹೋಗ್ತೀಯೋ ಮಾರಾಯಾ? ನಾನೂ ಬರ್ತೀನಿ!"

ಅಂತೂ ನಾಲ್ವರ ಮೆರವಣಿಗೆ ಸ್ಟೇಷನ್ ತಲುಪಿತು. ದೂರು ಬರೆದುಕೊಳ್ಳುವ ಪೊಲೀಸಮ್ಮ ನೊರೆಯ ಕೆನ್ನೆಯನ್ನೊಮ್ಮೆ ದುರುಗುಟ್ಟಿ ನೋಡಿ, 'ಶಟರಿಗೆ ಹಾನಿ' ಅಂತ ಗೀಚಿದಳು. ಟೈಲರಮ್ಮನಿಗೆ ಮತ್ತೆ ನಗು ಒತ್ತರಿಸಿ ಬಂತು.

"ಏನಮ್ಮಾ, ತಮಾಷೆನಾ?"

"ಇಲ್ಲ ಮೇಡಂ, ಭಯ!" ಅವಳು ಕಣ್ಣೊರೆಸಿಕೊಂಡಳು. "ಬಣ್ಣ ಬಿದ್ದಿದ್ದು ಶಟರಿಗೆ, ಬೈದಿದ್ದು ನಮ್ಮನ್ನ. ನಾವು ಬೇರೆ ಕಡೆಯಿಂದ ಬಂದವರು ಅನ್ನೋದೊಂದೇ ಕಾರಣಕ್ಕೆ. ದಯವಿಟ್ಟು ಅದನ್ನ ಬರೀರಿ."

ಪೊಲೀಸಮ್ಮನ ಪೆನ್ನು ನಿಂತಿತು. ಆ ಹಾಳೆ ಹರಿದು ಹೊಸದು ತೆಗೆದಳು. "ಮೊದಲಿಂದ ಹೇಳಿ. ಇದಕ್ಕೆ ಮುಂಚೆ ಏನೇನಾಯ್ತೋ ಎಲ್ಲಾ." ನಾದಿನಿ ಮೊಟ್ಟೆ, ಟೈರು, ಬೈಗುಳ ಎಲ್ಲಾ ಹೇಳುತ್ತಾ ಹೋದಳು. ಪೊಲೀಸಮ್ಮ ಮೂರು ಹಾಳೆ ತುಂಬಿಸಿ, ದ್ವೇಷದಿಂದ ಮಾಡಿದ ಅಪರಾಧ ಅಂತಲೇ ನಮೂದಿಸಿದಳು.

ಹೊರಗೆ ಬಂದಾಗ ಟೈಲರಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಸ್ತೆ ನಡುವೆಯೇ ನಾದಿನಿಯನ್ನು ತಬ್ಬಿ ಗಿರ್ರನೆ ತಿರುಗಿಸಿಬಿಟ್ಟಳು.

ಕ್ಯಾಮೆರಾದ ದೃಶ್ಯ ನೋಡಿ ಐದನೇ ದಿನ ಇಬ್ಬರನ್ನು ಹಿಡಿದರು. ಅವರಲ್ಲೊಬ್ಬ ಅವಳ ಹತ್ತಿರವೇ ಪ್ಯಾಂಟು ಬಿಗಿ ಮಾಡಿಸಲು ಕೊಟ್ಟವನು! "ಥೂ, ಅಳತೆ ತೆಗೆಯೋವಾಗ ಅಕ್ಕ ಅಕ್ಕ ಅಂತಿದ್ದ" ಅಂತ ಅವಳಿಗೆ ಕೋಪ, ಸಂಕಟ ಎರಡೂ ಆಯಿತು.

ಸುದ್ದಿ ಬೀದಿಯಲ್ಲೆಲ್ಲ ಹರಡಿತು. ಮರುದಿನ ಗಡಿಯಾರ ರಿಪೇರಿಯ ತಾತ ಬಾಗಿಲಲ್ಲಿ ಬಂದು ನಿಂತ. ಅವನೂ ಹೊರಗಿನಿಂದ ಬಂದವನೇ.

"ನನಗೂ ಹಾಗೇ ಮಾಡ್ತಿದ್ರಮ್ಮಾ. ಎರಡು ವರ್ಷದಿಂದ. ಯಾರ ಹತ್ರ ಹೇಳೋದು ಅಂತ ಸುಮ್ನಿದ್ದೆ."

ಟೈಲರಮ್ಮ ಕೊರಳಿನ ಟೇಪು ಬಿಸಾಕಿ ತಾತನ ತೋಳು ಹಿಡಿದಳು. "ನಡೀರಿ ತಾತಾ. ದಾರಿ ನನಗೆ ಗೊತ್ತು."

"ನಿಧಾನ ಕಣಮ್ಮಾ, ಮಂಡಿ ನೋವು!" ಅಂತ ತಾತ ಕೂಗುತ್ತಿದ್ದರೂ ಅವಳು ಹೆಚ್ಚುಕಡಿಮೆ ಓಡಿಸಿಕೊಂಡೇ ಹೋದಳು.