ನಡುಮನೆಯ ಚಾಪೆ

ಗಾಜಿನ ಪೆಟ್ಟಿಗೆ ಹೊತ್ತವರು ಜಗಲಿ ಹತ್ತುತ್ತಿದ್ದಂತೆ ದೊಡ್ಡಹನುಮಯ್ಯ ಬಾಗಿಲಿಗೆ ಅಡ್ಡ ನಿಂತು ಊರುಗೋಲು ಚಾಚಿದರು.

"ಅಲ್ಲೇ ಇಳಿಸ್ರಪ್ಪ. ಹೊರಗೆ ಪ್ರಾಣ ಬುಟ್ಟೋರ್ನ ಹೊಸಿಲು ದಾಟಿಸಂಗಿಲ್ಲ."

ನಡುಮನೆಯಲ್ಲಿ ಚಾಪೆ ಹಾಸಿ, ದೀಪ ಹಚ್ಚಿ ಕಾದಿದ್ದ ಮಹಾಲಕ್ಷ್ಮಮ್ಮ ಎದ್ದು ಬಂದರು. "ಭಾವ, ಒಂದು ಗಳಿಗೆ ಒಳಗಿರ್ಲಿ. ನಿಮ್ಮ ತಮ್ಮ ಅಲ್ವಾ?"

"ತಮ್ಮನೇ ಕಣಮ್ಮ. ಆದ್ರೆ ಡೆಲ್ಲೀಲಿ ಸತ್ತವ್ನೆ. ನಾಳೆ ಮಕ್ಳುಮರಿಗೆ ಏನಾದ್ರೂ ಆದ್ರೆ?"

ಆರು ಸಲ ಗೆದ್ದು, ಎರಡು ಸಲ ಮಂತ್ರಿಯಾಗಿದ್ದ ಪರ್ವತಯ್ಯ ಕೊಳಾಲದ ಸ್ವಂತ ಮನೆಯ ಜಗಲಿಯಲ್ಲೇ ಉಳಿದರು. ಮಧುಗಿರಿ, ಕೊರಟಗೆರೆಯಲ್ಲೆಲ್ಲ ಜನಕ್ಕೆ ಅಂತಿಮ ದರ್ಶನ ಕೊಟ್ಟು ಬಂದ ಮನುಷ್ಯ. ಹೆಂಡತಿಗೆ ಸಿಗಬೇಕೆಂದಾಗ ಮಾತ್ರ ಶಾಸ್ತ್ರ ಅಡ್ಡ ಬಂತು.

*

ಮಗ ಅಶ್ವತ್ಥ ಜ್ವರದಲ್ಲಿ ತೀರಿಕೊಂಡಾಗ ಅವನಿಗಿನ್ನೂ ಏಳು ವರ್ಷ. ಪಾವಗಡದ ಕಡೆ ಪ್ರಚಾರದಲ್ಲಿದ್ದ ಪರ್ವತಯ್ಯ ಸಂಜೆಗೆ ಬಂದರು. ಜಗಲಿಯಲ್ಲಿ ಮೆಟ್ಟು ಬಿಟ್ಟ ಸಪ್ಪಳ ಒಳಗೆ ಕೇಳಿಸಿತು. ಎಡಗಾಲಿನದು ಯಾವತ್ತೂ ಮಗುಚಿ ಬೀಳುತ್ತಿತ್ತು. ಮಹಾಲಕ್ಷ್ಮಮ್ಮನೇ ಹೋಗಿ ನೆಟ್ಟಗೆ ಮಾಡಿಡುತ್ತಿದ್ದರು. ಅವತ್ತು ಏಳಲಾಗಲಿಲ್ಲ. ಚಾಪೆಯ ಮೇಲೆ ಮಗುವಿನ ತಲೆ ಆಕೆಯ ತೊಡೆಯಲ್ಲಿತ್ತು.

ಸಮಾಧಾನ ಹೇಳಲು ಬಂದವರು ಹಾಗೇ ಬೋರ್‌ವೆಲ್ಲು, ಟ್ರಾನ್ಸ್‌ಫರ್ರು ಅಂತ ಶುರುಮಾಡಿಕೊಂಡರು. "ಮಾಡುಸ್ತೀನಿ ಬುಡಿ" ಎನ್ನುತ್ತ ಪರ್ವತಯ್ಯ ಜಗಲಿಯಲ್ಲೇ ಕೂತರು. ಮಗುವಿಗೆ ಮಣ್ಣು ಕೊಟ್ಟು, ಅಲ್ಲಿಂದಲೇ ಜೀಪು ಹತ್ತಿದರು.

ಆಮೇಲೆ ಅವರು ನಡುಮನೆಗೆ ಕಾಲಿಡಲೇ ಇಲ್ಲ. ಊಟ ಜಗಲಿಗೆ, ಹಾಸಿಗೆ ಜಗಲಿಯ ಪಕ್ಕದ ಕೋಣೆಗೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನೆಂಟರು ನಕ್ಕರೆ ಮಹಾಲಕ್ಷ್ಮಮ್ಮನೂ ನಗುತ್ತಿದ್ದರು. ಗಂಡ ಡೆಲ್ಲಿಯಲ್ಲಿರುವಾಗಲೂ ಆಕೆಗೆ ಮೆಟ್ಟಿನ ಸಪ್ಪಳ ಕೇಳಿಸುತ್ತಿತ್ತು. ಬಾಗಿಲು ತೆಗೆದರೆ ಯಾರೂ ಇರುತ್ತಿರಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ, ಡೆಲ್ಲಿಯಲ್ಲಿ ಜೊತೆಗಿದ್ದ ಆಪ್ತ ಸಹಾಯಕ ಮುತ್ತುರಾಜ್ ಒಂದು ಚೀಲ ತಂದ. ಅದರಲ್ಲಿ ಸಾಹೇಬರ ಮೆಟ್ಟುಗಳಿದ್ದವು.

"ಕೊನೇ ದಿನ ಇವನ್ನ ಹಾಕು ಅಂತ ಹಟ ಹಿಡಿದ್ರು ಅಮ್ಮಾ. ಅಶ್ವತ್ಥ ಚಾಪೆ ಮೇಲೆ ಮಲಗವ್ನೆ, ಒಳಿಕ್ಕೆ ಹೋಗ್ಬೇಕು ಅಂತ ಒಂದೇ ಸಮ." ಅವನು ದನಿ ತಗ್ಗಿಸಿದ. "ಇಷ್ಟು ವರ್ಷ ಇದ್ದೆ, ನಂಗೆ ಗೊತ್ತಾಗ್ಲಿಲ್ಲ. ಅಶ್ವತ್ಥ ಅಂದ್ರೆ ಯಾರಮ್ಮ?"

ಮಹಾಲಕ್ಷ್ಮಮ್ಮ ಚೀಲ ತೆಗೆದುಕೊಂಡರು. ಎದೆಯಲ್ಲಿ ಇಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಮೆಟ್ಟುಗಳನ್ನು ಹೊಸಿಲ ಒಳಗೆ, ನಡುಮನೆಗೆ ಮುಖ ಮಾಡಿ, ಜೋಡಿಸಿ ಇಟ್ಟರು.

"ಸೂತಕದ ಮನೇಲಿ ಎಕ್ಕಡ ಒಳಿಕ್ಕೆ ತರ್ತೀಯಲ್ಲಮ್ಮ" ಎಂದರು ದೊಡ್ಡಹನುಮಯ್ಯ.

"ಮನುಷ್ಯನ್ನ ತರಬ್ಯಾಡ ಅಂದ್ರಿ, ತರ್ಲಿಲ್ಲ. ಇವೂ ಬ್ಯಾಡ್ವಾ?"

ಭಾವ ಊರುಗೋಲು ಊರಿಕೊಂಡು ಜಗಲಿ ಇಳಿದರು. ಆಕೆಯೇ ಎಲ್ಲರನ್ನೂ ಹೊರಡಿಸಿ, ಬಾಗಿಲೆಳೆದು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಪೊಲೀಸರು ಕುಶಾಲತೋಪು ಹಾರಿಸಿದರು. ಪರ್ವತಯ್ಯನನ್ನು ಮಗನ ಪಕ್ಕದಲ್ಲೇ ಮಣ್ಣು ಮಾಡಿದರು.

ಹಿಂತಿರುಗಿ ಬಂದವರು ಕಾಲು ತೊಳೆದು, ದೀಪ ನೋಡಲು ಬಾಗಿಲಲ್ಲಿ ಸಾಲುಗಟ್ಟಿದರು. ಮಹಾಲಕ್ಷ್ಮಮ್ಮ ಗಂಟು ಬಿಚ್ಚಿ ಬೀಗ ತೆಗೆದರು. ಹಿಂದಿದ್ದ ದೊಡ್ಡಹನುಮಯ್ಯನ ಊರುಗೋಲು ಕೈಜಾರಿ ಬಿತ್ತು.

ಹೊಸಿಲ ಬಳಿ ಏನೂ ಇರಲಿಲ್ಲ. ಮೆಟ್ಟುಗಳು ಚಾಪೆಯ ಅಂಚಿನಲ್ಲಿದ್ದವು, ಎಡಗಾಲಿನದು ಮಗುಚಿಕೊಂಡು.