ಹಗ್ಗ ಎರಡು ಕಡೆ ಮುಟ್ಟಿತು

ಹೆತ್ತವಳು ಕೂಸಿನ ಗುಂಡಿ ನೋಡಬಾರದು ಎಂದು ಹಿರಿಯರು ತಡೆದಿದ್ದರು. ಹಾಗಾಗಿ ಚೊಚ್ಚಲ ಮಗ ಮಲಗಿದ ಜಾಗ ಮಹಾಲಕ್ಷ್ಮಮ್ಮನಿಗೆ ನಲವತ್ತೆಂಟು ವರ್ಷ ಗೊತ್ತಿರಲಿಲ್ಲ. ಗಂಡ ಸಿದ್ದಯ್ಯ ಸಾಯುವ ಮುಂಚೆ ಬಾಯಿಬಿಟ್ಟ.

"ಹುಣಸೆಮರಕ್ಕೆ ಬೆನ್ನು ಕೊಟ್ಟು, ಗೋಪಾಲಸ್ವಾಮಿ ಬೆಟ್ಟದ ನೆತ್ತಿ ನೋಡ್ಕಂಡು ನೆಟ್ಟಗೆ ನಡಿ. ಬಾವಿಯಿಂದ ಎಳ್ದ ಕಪಿಲೆ ಹಗ್ಗ ಎಲ್ಲಿ ಮುಟ್ತದೋ ಅಲ್ಲೇ ಅವ್ನೆ. ನರಿ ಕೆದಕ್ಬಾರ್ದು ಅಂತ ಚಪ್ಪಡಿ ಮುಚ್ಚಿವ್ನಿ. ತಂದು ನನ್ ಮಗ್ಗುಲಲ್ಲಿ ಮಡಗು."

ಈಗ ಹಂಗಳದ ಆ ಹೊಲ ರಸ್ತೆಗೆ ಹೋಗಿತ್ತು. ಬೆಳಿಗ್ಗೆಯೇ ಜೆಸಿಬಿ ಬಂದು ನಿಂತಿತ್ತು. ಮರಕ್ಕೂ ಬಾವಿಗೂ ನಡುವೆ ಆಳೆತ್ತರದ ಲಂಟಾನ, ಹಗ್ಗ ಎಳೆಯುವಂತಿರಲಿಲ್ಲ. ಚಾಮರಾಜನಗರದಲ್ಲಿ ಕಾಲೇಜು ಓದುವ ಮೊಮ್ಮಗಳು ಶೃತಿ ಬದುವಿನ ಮೇಲೆ ಅಳೆದಳು: ಮರದಿಂದ ಬಾವಿಗೆ ನಲವತ್ತು ಗಜ. ಮನೆಯಲ್ಲೇ ಅಳೆದು ಬಂದಿದ್ದ ಕಪಿಲೆ ಹಗ್ಗ ಇಪ್ಪತ್ತೈದು ಗಜ. ಮರದ ಬುಡದಲ್ಲಿ, ಬೆಟ್ಟಕ್ಕೂ ಬಾವಿಗೂ ನಡುವಿನ ಕೋನ ಮೂವತ್ತು ಡಿಗ್ರಿ.

"ತ್ರಿಕೋನದ ಎರಡು ಬಾಹು, ಒಂದು ಕೋನ ಸಿಕ್ತಲ್ಲಜ್ಜಿ, ಸೈನ್ ನಿಯಮ ಹಾಕಿದ್ರೆ ಆಯ್ತು." ಮೊಬೈಲು ಒತ್ತಿದಳು. "ಗುಂಡಿ ಹತ್ರದ ಕೋನ ಐವತ್ಮೂರು. ಅಂದ್ರೆ ಮರದಿಂದ ಐವತ್ತು ಗಜ. ಅಗೋ, ಆ ತುದಿ."

"ಕೂಸ ಎತ್ಕಂಡು ಅಷ್ಟ್ ದೂರ ಯಾಕೋದಾನು ಕಣಮ್ಮಿ? ಈಚ್ಗೇ ಇರ್ಬೌದು."

"ಸುಮ್ನಿರು. ಇದು ನಿನ್ ಥರ ಮರೆಯಲ್ಲ."

ಜೆಸಿಬಿ ಓಡಿಸುವ ದೊರೆಸ್ವಾಮಿ ಇಣುಕಿದ. "ಯಾವ್ ಕಡೆ ಮುಟ್ಬಾರ್ದು ಏಳವ್ವ."

ಶೃತಿ ದೂರದ ತುದಿ ತೋರಿಸಿದಳು.

"ಅಂಗಾರೆ ಮರದ್ ಕಡೆಯಿಂದ ಸುರು ಮಾಡ್ತೀನಿ. ಟಿಪ್ಪರ್ ಕಾಯ್ತಾ ಅವೆ."

ಪಕ್ಕದ ಹೊಲದ ದೇವರಾಜು ಶೃತಿ ತೋರಿಸಿದಲ್ಲಿ ಗುದ್ದಲಿ ಹಿಡಿದು ಎದೆಮಟ್ಟ ಅಗೆದ. ಸುಣ್ಣಕಲ್ಲು ಬಿಟ್ಟರೆ ಏನೂ ಇಲ್ಲ. ಅಷ್ಟೊತ್ತಿಗೆ ಜೆಸಿಬಿ ಲಂಟಾನವನ್ನೆಲ್ಲ ಕಿತ್ತು ಬೋಳು ಮಾಡಿತ್ತು. ಮಹಾಲಕ್ಷ್ಮಮ್ಮ ಅಟ್ಟದಲ್ಲಿ ಇಟ್ಟಿದ್ದ ಆ ಹಳೇ ಹಗ್ಗ ತರಿಸಿದಳು. ದೇವರಾಜು ಬಾವಿಕಟ್ಟೆಯ ಮೇಲೆ ಒಂದು ತುದಿ ಹಿಡಿದ. ಇನ್ನೊಂದು ತುದಿ ಹಿಡಿದು ಅವಳು ಬರಿಗುಂಡಿಯಿಂದ ಸುತ್ತುತ್ತಾ ಬಂದಳು, ಹಗ್ಗ ಬಿಗಿದೇ ಇತ್ತು. ಬೆಟ್ಟದ ನೇರಕ್ಕೆ ಅದು ಇನ್ನೊಂದು ಸಲ ಬಂದು ಮುಟ್ಟಿತು, ಮರದಿಂದ ಇಪ್ಪತ್ತೇ ಗಜದಲ್ಲಿ. ಅಲ್ಲಿ ನೆಲವಿರಲಿಲ್ಲ. ಜೆಸಿಬಿ ಹಲ್ಲಿನ ಗೀರುಗಳ ನಡುವೆ ಮುರಿದ ಚಪ್ಪಡಿಯ ಅಂಚೊಂದು ಮಣ್ಣಿನ ಗೋಡೆಯಿಂದ ಚಾಚಿತ್ತು.

ಶೃತಿ ಮತ್ತೆ ಮೊಬೈಲು ಒತ್ತಿದಳು. "ನೂರಿಪ್ಪತ್ತೇಳು... ಐವತ್ಮೂರಕ್ಕೂ ನೂರಿಪ್ಪತ್ತೇಳಕ್ಕೂ ಸೈನ್ ಒಂದೇ ಅಜ್ಜಿ. ಮೊಬೈಲು ಚಿಕ್ಕದನ್ನ ಮಾತ್ರ ತೋರ್ಸುತ್ತೆ. ಇನ್ನೊಂದನ್ನ ನಾವೇ ನೋಡ್ಬೇಕು ಅಂತ ಮೇಷ್ಟ್ರು ಹೇಳಿದ್ರು. ನಾನು..."

"ಲೆಕ್ಕಕ್ಕೆ ಎರಡು ಜಾಗವಾ?"

"ಹೂಂ."

"ನಂಗೆ ಕೂಸು ಒಂದೇ ಇದ್ದುದ್ದು ಕಣಮ್ಮಿ."

ಬೈಗುಳವೇ ಬಂದಿದ್ದರೆ ಶೃತಿ ತಡೆದುಕೊಳ್ಳುತ್ತಿದ್ದಳೇನೋ.

"ಇಲ್ಲಿನ್ ಮಣ್ಣ ಎಲ್ಲಿ ಸುರಿದ್ರಿ ಕಣಪ್ಪ?" ಮಹಾಲಕ್ಷ್ಮಮ್ಮ ಕೇಳಿದಳು.

ದೊರೆಸ್ವಾಮಿ ಎಂಜಿನ್ ಆರಿಸಿದ. "ಒಂಬತ್ ಲೋಡು ಓಯ್ತವ್ವ. ರೋಡಿಗೆ ಆಸಿ ರೋಲರ್ ಒಡ್ದವ್ರೆ."

ಮನೆಗೆ ಹೋಗಲು ಅದೇ ರಸ್ತೆ. ಹೊಸ ಮಣ್ಣು ಶುರುವಾಗುವಲ್ಲಿ ಮಹಾಲಕ್ಷ್ಮಮ್ಮ ಚಪ್ಪಲಿ ಕಳಚಿದಳು. ಬರಿಗಾಲನ್ನೂ ಇಡಲಾಗಲಿಲ್ಲ. ಎಲ್ಲಿ ಎಂದು ಗೊತ್ತಿಲ್ಲದ ಮೇಲೆ ಎಲ್ಲಿಗೆ ಕಾಲಿಡುವುದು? ಮೂಳೆ ಸುತ್ತಲೆಂದು ತಂದಿದ್ದ ಬಿಳಿ ಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಮುಳ್ಳಿನ ಬದುವಿಗೆ ಇಳಿದು ನಡೆದಳು. ಶೃತಿ ಹಿಂದೆಯೇ ಇಳಿದಳು, ಹಗ್ಗ ಹೊತ್ತುಕೊಂಡು.