ಗುಡಿಸಿದ ನೆಲ

"ತಲೆ ಸ್ವಲ್ಪ ಈ ಕಡೆ ತಿರುಗಿಸಿ ಅತ್ತಿಗೆ," ಎಂದ ಅಂಗಡಿಯ ಪಾಲುದಾರ, ಕತ್ತಿಗೆ ಅಂಟಿದ ನೊರೆಯನ್ನು ಬಟ್ಟೆಗೆ ಒರೆಸುತ್ತ. ಅವಳು ಗಂಡನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಕ್ಷೌರದಂಗಡಿ ಇಟ್ಟು ಅರ್ಧ ಊರಿನ ಗಡ್ಡ ಬೋಳಿಸಿದವನು ಬೆಳೆದ ಗಡ್ಡದಲ್ಲಿ ಹೋಗಬಾರದು ಎಂದು ಇಬ್ಬರಿಗೂ ಒಂದೇ ಹಟ.

ಅವನಿಗೆ 'ನಿಧಾನ' ಅಂತಲೇ ಅಡ್ಡಹೆಸರು. ಕತ್ತರಿ ಆಡಿಸುವ ಮುಂಚೆ ಕೂದಲಿನ ಅಪ್ಪಣೆ ಕೇಳುತ್ತಾನೆ ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು. ರಸ್ತೆ ದಾಟುವಾಗ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿದ್ದ, ಪ್ರೀತಿಗಲ್ಲ, ಭಯಕ್ಕೆ. ಅಂಥ ಪುಕ್ಕಲ, ಅಂಗಡಿಗೆ ರಜೆಯ ದಿನ, ಕಡಲದಂಡೆಯ ಗುಹೆಯೊಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಮೇಲಿನ ಬಂಡೆ ಕುಸಿದು ಸತ್ತ. ಮಳೆಯಿಲ್ಲ, ಗಾಳಿಯಿಲ್ಲ, ಅಲೆಗಳೂ ದೂರವಿದ್ದವು.

ಹಜಾರದಲ್ಲಿ ಕುರ್ಚಿ ಎಳೆದ ಸದ್ದಾಯಿತು.

"ಊರಿಗೆಲ್ಲ ಬುದ್ಧಿ ಹೇಳೋನು, ತಾನೇ ಹೋಗಿ ಕೂತ ನೋಡಿ," ಎಂದರು ಪಕ್ಕದ ಮನೆಯವರು.

"ನೆಲ ನೋಡ್ಲಿಲ್ಲ ನನ್ನ ತಮ್ಮ! ನೋಡದೆ ಒಳಗೆ ಹೋಗ್ಬಿಟ್ಟ!" ಭಾವ ಎದೆ ಎದೆ ಬಡಿದುಕೊಂಡು ಅತ್ತರು. ಸತ್ತವನ ಒಡಹುಟ್ಟಿದ ಅಣ್ಣ ಅವರು. ಪ್ರವಾಸಿಗರನ್ನು ದೋಣಿ ಹತ್ತಿಸಿ ಅದೇ ಗುಹೆ ತೋರಿಸಿಕೊಂಡು ಬರುವುದು ಅವರ ಕಸುಬು.

ಅವಳು ಗಂಡನ ಕೆನ್ನೆಯಲ್ಲಿ ಉಳಿದ ನೊರೆಯನ್ನು ಸೆರಗಿನಿಂದ ಒರೆಸಿದಳು. ಗಂಡ ಹೋಗಿದ್ದೇ ಸಾಲದೆ, ಎಚ್ಚರಗೇಡಿ ಅನ್ನೋ ಹೆಸರು ಬೇರೆ! ಊಟಕ್ಕೆ ಕೂರುವ ಮುಂಚೆ ಮಣೆ ಅಲ್ಲಾಡಿಸಿ ನೋಡುವ ಮನುಷ್ಯ ನೆಲ ನೋಡದೆ ಹೋಗಿರಲಾರ. ಹಾಗಾದರೆ ನೋಡಿದಾಗ ಅವನಿಗೆ ಕಂಡಿದ್ದೇನು?

*

ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಗುಹೆಯ ಬಾಯಲ್ಲೇ ತಡೆದು ನಿಲ್ಲಿಸಿದ್ದ.

"ಎಲ್ರೂ ಮೇಲೆ ನೋಡ್ತಾರೆ. ನೀನು ಕೆಳಗೆ ನೋಡು. ಈ ಕಲ್ಲುಚೂರು ನುಣ್ಣಗಿದೆ, ಅಲೆ ಉಜ್ಜಿದೆ, ಹಳೇದು. ಚೂಪಾಗಿ, ಬೆಳ್ಳಗೆ ಒಂದು ಕಂಡ್ರೂ ಸಾಕು, ಹೊಸದಾಗಿ ಬಿದ್ದಿದ್ದು ಅಂತ. ಸೀದಾ ವಾಪಸ್."

"ಚೂರು ಬೀಳದೇನೆ ಬಂಡೇನೇ ಬಿದ್ರೆ?"

"ಹಾಗೆಲ್ಲ ಬೀಳಲ್ಲ ಕಣೇ. ಅಣ್ಣಾನೇ ಹೇಳಿಕೊಟ್ಟಿದ್ದು."

"ಸರಿ ಬಿಡಿ. ನೀವು ನಂಬೋದು ನೆಲಾನೋ, ಅಣ್ಣನ್ನೋ?"

"ಎರಡೂ ಒಂದೇ," ಎಂದು ನಕ್ಕು, ಬಾಗಿ ಬಾಗಿ ಮರಳು ನೋಡುತ್ತ ಒಳಗೆ ಹೋಗಿದ್ದ. ನೆಲ ಪೂರ್ತಿ ನೋಡಿ ಮುಗಿಸುವಷ್ಟರಲ್ಲಿ ಅವಳಿಗೆ ಹಸಿವೇ ಸತ್ತುಹೋಗಿತ್ತು.

*

ಅಡುಗೆಮನೆಯಲ್ಲಿ ಭಾವನ ಹೆಂಡತಿ ಬಂದವರ ಲೋಟ ತೊಳೆಯುತ್ತಿದ್ದಳು. ಒಳ್ಳೆಯ ಹೆಂಗಸು, ಯಾರ ಕಣ್ಣೀರನ್ನೂ ನೋಡಲಾರದವಳು.

"ಜನರ ಬಾಯಿ ಮುಚ್ಚೋಕಾಗುತ್ತಾ? ನೀನು ತಲೆ ಕೆಡಿಸ್ಕೋಬೇಡ," ಎಂದಳು. "ನೋಡಿದ್ರೂ ಪಾಪ ಅವನಿಗೆ ಏನು ಕಾಣ್ತಿತ್ತು ಹೇಳು? ನಮ್ಮನೆಯವ್ರು ಬೆಳಿಗ್ಗೆ ಎದ್ದ ಕೂಡ್ಲೇ ಹೋಗಿ ಗುಹೆ ಗುಡಿಸಿ ಬಂದಿರ್ತಾರೆ. ಈಚೆಗಂತೂ ಬುಟ್ಟಿ ಬುಟ್ಟಿ ಚೂರು. ದೋಣೀಲಿ ಬರೋರು ಹೆದರ್ತಾರೆ ಅಂತ ಎಲ್ಲಾನೂ ನೀರಿಗೆ..."

ಲೋಟ ಕೈಯಲ್ಲೇ ನಿಂತಿತು. ಏನು ಹೇಳಿಬಿಟ್ಟೆ ಎಂದು ಭಾವನ ಹೆಂಡತಿಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ ಅಕ್ಕಾ?"

"ನನಗೇನೂ ಗೊತ್ತಿಲ್ಲಮ್ಮ," ಎಂದು ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಭಾವ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು.

"ಗುಹೆ ಗುಡಿಸ್ತಿದ್ರಂತೆ."

ಅವರು ಇನ್ನೊಂದು ಬೊಗಸೆ ನೀರು ಮುಖಕ್ಕೆ ಎರಚಿಕೊಂಡರು.

"ಇವರಿಗೆ ಒಂದು ಮಾತು ಹೇಳಬಹುದಿತ್ತಲ್ಲ ಭಾವ?"

"ಕ್ಷೌರದಂಗಡಿಯವನಿಗೆ ಹೇಳೋದೂ ಒಂದೇ, ಡಂಗುರ ಸಾರೋದೂ ಒಂದೇ. ದೋಣಿ ಹತ್ತೋರು ಯಾರಿರ್ತಿದ್ರು?" ಅವರ ದನಿ ತಗ್ಗಿತು. "ಇಷ್ಟು ಕಾಲ ನಿಂತಿದ್ದ ಬಂಡೆ ಈ ಸೀಸನ್ ನಿಲ್ಲಲ್ವಾ ಅಂದ್ಕೊಂಡೆ."

"ರಜೆ ದಿನ ಅಲ್ಲಿಗೇ ಬರ್ತಾರೆ ಅಂತ ಗೊತ್ತಿತ್ತು."

"ಗೊತ್ತಿತ್ತು."

"ನೆಲ ನೋಡೋದು ಕಲಿಸಿದ್ದೇ ನೀವು. ಅದನ್ನು ಗುಡಿಸಿಟ್ಟವರೂ ನೀವೇ. ಹೋಗಲಿ, ಹೊಟ್ಟೆಪಾಡು ಅಂತೀರಿ. ಬೆಳಿಗ್ಗೆಯಿಂದ ಎಲ್ಲರೆದುರು 'ನೋಡದೆ ಹೋದ, ನೋಡದೆ ಹೋದ' ಅಂತ ಅತ್ತಿರಲ್ಲ, ಅದು ಯಾವ ಹೊಟ್ಟೆಪಾಡಿಗೆ?"

ಭಾವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ಈಗ ಎಲ್ಲರ ಮುಂದೆ ಬಾಯಿ ಬಿಡಬೇಡಮ್ಮಾ. ಸತ್ತವನೇನು ವಾಪಸ್ ಬರ್ತಾನಾ?" ಎಂದರು.

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಂಬಿದವನ ಕತ್ತು ಕೊಯ್ದು, ಅವನ ತಲೆಯ ಮೇಲೇ ಗೂಬೆ ಕೂರಿಸಿದರಲ್ಲ!

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. ಪಾಲುದಾರ ಮುಂದಿನ ಒಂದು ಮೂಲೆಗೆ, ಪಕ್ಕದ ಮನೆಯವರೂ ಅವರ ಮಗನೂ ಹಿಂದಿನ ಎರಡು ಮೂಲೆಗೆ ನಿಂತರು. ಮುಂದಿನ ಇನ್ನೊಂದು ಮೂಲೆ ಅಣ್ಣನದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಭಾವ ಬಗ್ಗಿದರು.

"ಆ ಮೂಲೆ ಬಿಡಿ ಭಾವ."

ಭಾವನ ಕೈ ಪೆಟ್ಟಿಗೆಯ ಅಂಚಿನ ಮೇಲೇ ಇತ್ತು.

"ಇವರು ನೆಲ ನೋಡೇ ಒಳಗೆ ಹೋಗಿದ್ದು," ಎಂದಳು ಅವಳು, ಹಜಾರಕ್ಕೆಲ್ಲ ಕೇಳುವ ಹಾಗೆ. "ನೆಲ ಗುಡಿಸಿಟ್ಟಿದ್ರು. ಬಿದ್ದ ಚೂರು ದಿನಾ ಗುಡಿಸಿ ಸಮುದ್ರಕ್ಕೆ ಹಾಕ್ತಿದ್ದೋರು ಇಲ್ಲೇ ಇದ್ದಾರೆ, ಕೇಳಿ."

ಭಾವ ಯಾರ ಮುಖವನ್ನೂ ನೋಡಲಿಲ್ಲ. ಕೈ ತೆಗೆದು ಹಿಂದೆ ಸರಿದರು. ಅವಳು ಸೆರಗು ಬಿಗಿದುಕೊಂಡು, ಖಾಲಿ ಬಿದ್ದ ಮೂಲೆಗೆ ಭುಜ ಕೊಟ್ಟಳು.

"ಬೇಡಿ ಅತ್ತಿಗೆ, ಭಾರ," ಎಂದ ಪಾಲುದಾರ.

"ಎತ್ತಿ," ಎಂದಳು.

ಎತ್ತಿದರು. ಅವಳು ಗಿಡ್ಡ ಹೆಂಗಸು. ಪೆಟ್ಟಿಗೆ ಅವಳ ಕಡೆಗೆ ವಾಲಿತು. ಉಳಿದ ಮೂವರು ಗಂಡಸರು ಒಬ್ಬರನ್ನೊಬ್ಬರು ನೋಡಿ, ಮಾತಾಡದೆ ಮೊಣಕಾಲು ಬಗ್ಗಿಸಿದರು. ಪೆಟ್ಟಿಗೆ ಮಟ್ಟವಾಯಿತು. ಹಾಗೆ ಬಗ್ಗಿಕೊಂಡೇ ಅವರು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊಸ್ತಿಲು ದಾಟಿದರು.